ಬೋಲ್ಟ್ ಬಿಗಿ ಇರಬೇಕು, ಬ್ಲೇಡ್ ಆಡುತ್ತಿರಬೇಕು

ಮಳೆ ನಿಂತು ಮಾವು ಹೂ ಬಿಡುವುದರೊಳಗೆ ಶ್ರೀನಿವಾಸಪುರದ ಕಡೆ ತೋಟಗಳಲ್ಲಿ ಸ್ಲ್ಯಾಷರ್‌ಗೆ, ಅಂದರೆ ಟ್ರ್ಯಾಕ್ಟರ್ ಹಿಂದೆ ಕಟ್ಟಿ ಹುಲ್ಲು, ಪೊದೆ ಕತ್ತರಿಸುವ ಮಷೀನಿಗೆ, ಬಿಡುವೇ ಇರುವುದಿಲ್ಲ. ಸೊಂಟದೆತ್ತರ ಹುಲ್ಲು, ಪಾರ್ಥೇನಿಯಂ, ಬದುವಿನಲ್ಲಿ ಲಂಟಾನ. ಆ ಸೀಸನ್‌ನಲ್ಲಿ ನಮ್ಮ ಗ್ಯಾರೇಜಿಗೆ ಬರುವ ಡ್ರೈವರ್‌ಗಳು ಜಾಸ್ತಿ ಹೇಳುವ ಮಾತು ಒಂದೇ. "ಅಣ್ಣಾ, ಗಾಡಿಯೆಲ್ಲಾ ನಡುಗ್ತಾ ಇದೆ, ಗೇರ್ ಬಾಕ್ಸ್ ಹೋಗಿದೆ ಅನ್ಸುತ್ತೆ." ಗೇರ್ ಬಾಕ್ಸ್ ಮುಟ್ಟುವ ಮೊದಲು ನಾನು ಬ್ಲೇಡ್ ಬೋಲ್ಟ್ ನೋಡುತ್ತೇನೆ. ಎಷ್ಟೋ ಸಲ ತೊಂದರೆ ಅಲ್ಲೇ ಇರುತ್ತದೆ.

ಕೆಳಗೆ ಏನು ನಡೀತಿದೆ ಅನ್ನೋದು ಸೀಟಿನ ಮೇಲೆ ಕೂತವರಿಗೆ ಕಾಣುವುದಿಲ್ಲ ಅಲ್ವಾ, ಅದಕ್ಕೇ ಈ ಲೆಕ್ಕ ಹೇಳುತ್ತೇನೆ. ಪಿಟಿಓ, ಅಂದರೆ ಟ್ರ್ಯಾಕ್ಟರ್ ಇಂಜಿನ್ನಿನ ಶಕ್ತಿಯನ್ನು ಹಿಂದಿನ ಮಷೀನಿಗೆ ಕೊಡುವ ಶಾಫ್ಟು, ನಿಮಿಷಕ್ಕೆ 540 ಸುತ್ತು ಕೊಟ್ಟರೆ ಸ್ಲ್ಯಾಷರ್ ಗೇರ್ ಬಾಕ್ಸ್ ಅದನ್ನು ಏರಿಸುತ್ತದೆ. 5 ಅಡಿ ಮಷೀನಿನಲ್ಲಿ ಬ್ಲೇಡ್ ನಿಮಿಷಕ್ಕೆ 900 ಸುತ್ತು ತಿರುಗಿದರೆ ಅದರ ತುದಿ ಗಂಟೆಗೆ 250 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. 3 ಕೆ.ಜಿ. ತೂಕದ ಬ್ಲೇಡ್ ಆ ವೇಗದಲ್ಲಿ ತನ್ನ ಬೋಲ್ಟನ್ನು ಒಂದೂವರೆ ಟನ್ನಿಗೂ ಜಾಸ್ತಿ ಬಲದಲ್ಲಿ ಹೊರಕ್ಕೆ ಎಳೆಯುತ್ತದೆ. ಅದನ್ನೆಲ್ಲಾ ತಡೆದು ನಿಲ್ಲಿಸಿರುವುದು ಒಂದು ಬೋಲ್ಟು, ಒಂದು ನಟ್ಟು.

ಇಲ್ಲಿ ಹೊಸಬರಿಗೆ ಗೊಂದಲವಾಗುವ ಜಾಗ ಒಂದಿದೆ. ನಟ್ಟು ಪೂರ್ತಿ ಬಿಗಿ ಇರಬೇಕು, ಆದರೆ ಬ್ಲೇಡ್ ಕೈಯಲ್ಲಿ ತಳ್ಳಿದರೆ ಸಲೀಸಾಗಿ ತಿರುಗಬೇಕು. ಬೋಲ್ಟಿನ ಕತ್ತು ದಪ್ಪಗಿರುತ್ತದೆ, ಕೊನೆಯಲ್ಲಿ ಮೆಟ್ಟಿಲಿನಂಥ ಒಂದು ಮೆಟ್ಟು ಇರುತ್ತದೆ. ನಟ್ಟು ಬಿಗಿದಾಗ ಆ ಮೆಟ್ಟು ಬ್ಲೇಡ್ ಬಾರಿಗೆ, ಅಂದರೆ ಬ್ಲೇಡ್‌ಗಳನ್ನು ಹೊತ್ತು ತಿರುಗುವ ಕಬ್ಬಿಣದ ಪಟ್ಟಿಗೆ, ಕಚ್ಚಿ ಕೂರುತ್ತದೆ. ಬ್ಲೇಡ್ ಮಾತ್ರ ಆ ದಪ್ಪ ಕತ್ತಿನ ಸುತ್ತ ಆಡುತ್ತಿರುತ್ತದೆ. ತಿರುಗುವಾಗ ತಾನೇ ನೆಟ್ಟಗಾಗುತ್ತದೆ, ಕಲ್ಲೋ ಬುಡವೋ ತಗುಲಿದರೆ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಆ ಪೆಟ್ಟು ಗೇರ್ ಬಾಕ್ಸಿಗೆ ಪೂರ್ತಿ ಹೋಗದೇ ಇರುವುದು ಇದರಿಂದಲೇ. ಬ್ಲೇಡ್ ಆಡುತ್ತಿದೆ ಅಂತ ಕೆಲವರು ಮಧ್ಯೆ ವಾಷರ್ ತುರುಕಿ ಬಿಗಿದಿರುತ್ತಾರೆ. ಹಾಗೆ ಮಾಡಬೇಡಿ. ಮಣ್ಣು, ತುಕ್ಕು, ಸುತ್ತಿಕೊಂಡ ತಂತಿಯಿಂದ ಬ್ಲೇಡ್ ಹಿಡಿದುಕೊಂಡಿದ್ದರೂ ಅಪಾಯ ಅದೇ. ನಮ್ಮ ಕಡೆ ಡ್ರಿಪ್ ಪೈಪಿನ ತುಂಡು ಸಿಕ್ಕಿಹಾಕಿಕೊಂಡು ಬರುವುದು ದಿನಾ ಕಾಣುವ ವಿಷಯ. ಅದು ಗೇರ್ ಬಾಕ್ಸ್ ಕೆಳಗಿನ ಶಾಫ್ಟಿಗೆ ಸುತ್ತಿಕೊಂಡರೆ ಆಯಿಲ್ ಸೀಲನ್ನೂ ತಿನ್ನುತ್ತದೆ.

ಬೋಲ್ಟ್ ಸಡಿಲವಾಗಿದ್ದರೆ ಸ್ಪ್ಯಾನರ್ ಹಾಕುವ ಮುಂಚೆಯೇ ಗೊತ್ತಾಗುತ್ತದೆ, ಹತ್ತಿರದಿಂದ ನೋಡಬೇಕು ಅಷ್ಟೇ. ನಟ್ಟಿನ ಸುತ್ತ ಕುಂಕುಮದಂಥ ನುಣ್ಣನೆಯ ಕೆಂಪು ಪುಡಿ ಕಾಣುತ್ತದೆ. ಮಾಮೂಲಿ ತುಕ್ಕು ಪದರ ಪದರವಾಗಿ ಅಂಟಿಕೊಂಡಿರುತ್ತದೆ. ಇದು ಹಾಗಲ್ಲ, ಬೆರಳಿಗೆ ಹತ್ತುತ್ತದೆ. ಎರಡು ಲೋಹ ಒಂದಕ್ಕೊಂದು ಉಜ್ಜುತ್ತಿದ್ದರೆ ಮಾತ್ರ ಬರುವ ಪುಡಿ ಅದು. ನಟ್ಟು ಬಿಚ್ಚಿದರೆ ಅದು ಕೂರುವ ಜಾಗದಲ್ಲಿ ಹೊಳೆಯುವ ಉಂಗುರ ಇರುತ್ತದೆ. ಬಾರಿನ ತೂತು ದುಂಡಗೆ ಉಳಿದಿದೆಯಾ, ಮೊಟ್ಟೆಯಾಕಾರ ಆಗಿದೆಯಾ ಅಂತ ಬೆರಳು ಹಾಕಿ ನೋಡಿ. ಆಕಾರ ಕೆಟ್ಟಿದ್ದರೆ ಹೊಸ ಬೋಲ್ಟ್ ಹಾಕಿಯೂ ಪ್ರಯೋಜನವಿಲ್ಲ, ಮತ್ತೆ ಸಡಿಲವಾಗುತ್ತದೆ. ಬಾರ್ ಬದಲಾಯಿಸಲೇಬೇಕು.

ಇಷ್ಟೆಲ್ಲಾ ನೋಡೋಕೆ ಮಷೀನಿನ ಕೆಳಗೆ ಕೈ ಹಾಕಬೇಕಲ್ಲಾ, ಆ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಪಿಟಿಓ ಬಿಡಿಸಿ, ಇಂಜಿನ್ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಬ್ಲೇಡ್ ಪೂರ್ತಿ ನಿಲ್ಲುವವರೆಗೆ ಕಾಯಿರಿ. ಹೈಡ್ರಾಲಿಕ್ ಎತ್ತಿ ಹಿಡಿದಿದೆ ಅಂತ ಕೆಳಗೆ ನುಗ್ಗಬೇಡಿ. ಒಂದು ಸೀಲ್ ಹೋದರೆ, ಯಾರಾದರೂ ಲಿವರ್ ಮುಟ್ಟಿದರೆ ಅಷ್ಟೂ ಭಾರ ಮೈಮೇಲೆ ಬೀಳುತ್ತದೆ. ದಪ್ಪ ಮರದ ದಿಮ್ಮಿಯನ್ನೋ ಗಟ್ಟಿ ಸ್ಟ್ಯಾಂಡನ್ನೋ ನಾಲ್ಕೂ ಮೂಲೆಗೆ ಕೊಟ್ಟ ಮೇಲೇ ಕೆಲಸ. ಬಹಳ ಮಾಡೆಲ್‌ಗಳಲ್ಲಿ ನಟ್ಟಿಗೆ ಸಾಕೆಟ್ ಹಾಕಲು ಮೇಲಿನ ತಗಡಿನಲ್ಲೇ ಒಂದು ತೂತು ಕೊಟ್ಟಿರುತ್ತಾರೆ. ಅದನ್ನು ಬಳಸಿಕೊಳ್ಳಿ.

ಬಿಗಿಯುವ ಮುಂಚೆ ಬೋಲ್ಟಿನ ಮೆಟ್ಟು, ನಟ್ಟು ಕೂರುವ ಜಾಗ ಎರಡನ್ನೂ ವೈರ್ ಬ್ರಷ್‌ನಲ್ಲಿ ಉಜ್ಜಿ ಲೋಹ ಕಾಣಿಸಬೇಕು. ಪೇಂಟ್ ಮೇಲೆ ನಟ್ಟು ಬಿಗಿದರೆ ಅವತ್ತು ಗಟ್ಟಿಯಾಗೇ ಇರುತ್ತದೆ. ಪೇಂಟ್ ನುಜ್ಜಾಗಿ ಉದುರಿದ ಮೇಲೆ ಅಷ್ಟೇ ಜಾಗ ಖಾಲಿಯಾಗಿ ನಟ್ಟು ಸಡಿಲವಾಗುತ್ತದೆ. ಲಾಕ್ ನಟ್ ಒಮ್ಮೆ ಬಿಚ್ಚಿದರೆ ನಾನು ಹೊಸದೇ ಹಾಕುತ್ತೇನೆ. ಬೋಲ್ಟ್ ಕೂಡ ಆ ಮಷೀನಿನದೇ ಆಗಬೇಕು, ಹಾರ್ಡ್‌ವೇರ್ ಅಂಗಡಿಯಲ್ಲಿ ಅಳತೆ ಹೊಂದುವ ಮಾಮೂಲಿ ಬೋಲ್ಟ್ ಇಲ್ಲಿ ನಡೆಯುವುದಿಲ್ಲ. ಎಷ್ಟು ಬಿಗಿಯಬೇಕು ಅನ್ನೋದು ಮಷೀನಿನ ಪುಸ್ತಕದಲ್ಲಿರುತ್ತದೆ. ಸ್ಪ್ಯಾನರ್‌ಗೆ ಪೈಪ್ ಸೇರಿಸಿ ಜೋತುಬೀಳುವುದಕ್ಕಿಂತ, ಎಷ್ಟು ಬಿಗಿದೆವು ಅಂತ ಅಳೆದು ತೋರಿಸುವ ಟಾರ್ಕ್ ರೆಂಚ್ ಒಳ್ಳೆಯದು. ಒಬ್ಬರೇ ಕೊಳ್ಳೋಕೆ ದುಬಾರಿ ಅನಿಸಿದರೆ ನಾಲ್ಕು ಜನ ಟ್ರ್ಯಾಕ್ಟರ್‌ನವರು ಸೇರಿ ಒಂದನ್ನು ತೆಗೆದುಕೊಳ್ಳಬಹುದು.

ಬ್ಲೇಡ್ ಬದಲಾಯಿಸಿದರೆ ಜೋಡಿಯಾಗೇ ಬದಲಾಯಿಸಿ. ಒಂದು ಹೊಸದು, ಒಂದು ಸವೆದದ್ದು ಬೇಡ. ಎರಡರ ಮಧ್ಯೆ 100 ಗ್ರಾಂ ವ್ಯತ್ಯಾಸ ಇದ್ದರೂ 900 ಸುತ್ತಿನಲ್ಲಿ ಅದು 60 ಕೆ.ಜಿ. ಬಲವಾಗಿ ಸೆಕೆಂಡಿಗೆ 15 ಸಲ ಶಾಫ್ಟನ್ನು ಅಲ್ಲಾಡಿಸುತ್ತದೆ. ಸಾಣೆ ಹಿಡಿದ ಮೇಲೂ ಎರಡನ್ನೂ ತಕ್ಕಡಿಗೆ ಹಾಕಿ. ಗ್ರೈಂಡರ್ ಒತ್ತಿ ಹಿಡಿಯಬೇಡಿ, ಅಂಚು ನೀಲಿ ಬಣ್ಣಕ್ಕೆ ತಿರುಗಿದರೆ ಹದ ಹೋಯಿತು ಅಂತಲೇ ಅರ್ಥ. ಬಿರುಕು ಬಿಟ್ಟ ಬ್ಲೇಡಿಗೆ ವೆಲ್ಡಿಂಗ್ ಮಾಡಿಕೊಡಿ ಅಂತ ಕೇಳಿದರೆ ನಾನು ಮಾಡುವುದಿಲ್ಲ. ಬೇಜಾರಾಗಿ ಬೇರೆ ಗ್ಯಾರೇಜಿಗೆ ಹೋದವರೂ ಇದ್ದಾರೆ. ತೋಟದಲ್ಲಿ ಆಳುಗಳು ಓಡಾಡುತ್ತಿರುತ್ತಾರೆ, ಮಕ್ಕಳು ಇರುತ್ತಾರೆ. ಅಲ್ಲಿ ಒಂದು ತುಂಡು ಹಾರಿದರೆ ಏನಾಗುತ್ತೆ ಅನ್ನೋದು ನನಗೆ ಚೆನ್ನಾಗಿ ಗೊತ್ತು.

ಹೊಸ ಬೋಲ್ಟ್ ಹಾಕಿದ ಮೇಲೆ ಒಂದು ಗಂಟೆ ಓಡಿಸಿ, ನಿಲ್ಲಿಸಿ, ಮತ್ತೊಮ್ಮೆ ರೆಂಚ್ ಹಾಕಿ ನೋಡಬೇಕು. ಆಮೇಲೆ ನಾನು ನಟ್ಟಿನಿಂದ ಬಾರಿನವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದು ಕಳಿಸುತ್ತೇನೆ. ಡ್ರೈವರ್ ಬೆಳಗ್ಗೆ ಮೇಲಿನ ತಗಡಿನ ತೂತಿನಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಸಾಕು. ಗೆರೆ ನೇರ ಇದ್ದರೆ ಕೆಲಸಕ್ಕೆ ಹೋಗಬಹುದು. ಜರುಗಿದ್ದರೆ ಮೊದಲು ಫೋನ್ ಮಾಡಿ ಅಂತ ಹೇಳಿದ್ದೇನೆ.