ಕನ್ನಂಬಾಡಿಯ ಕಲ್ಲುಗಳೂ ನಮ್ಮ ಚರಿತ್ರೆ ಮೇಷ್ಟ್ರೂ

ಚರಿತ್ರೆ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದ ದಿನ ಹಳೆಯ ಬ್ಯಾಚಿನವರ ಬಾಯಲ್ಲೆಲ್ಲ ಕನ್ನಂಬಾಡಿ ಪಾಠದ್ದೇ ಮಾತು. ಪಾಣಿಪತ್ ಯುದ್ಧಗಳ ಇಸವಿ ಒಬ್ಬರಿಗೂ ನೆನಪಿರಲಿಲ್ಲ.

ಹಳೆಯ ಕನ್ನಂಬಾಡಿ ಊರನ್ನು ಮುಳುಗಿಸಿದ ಕಾವೇರಿಯ ಕಟ್ಟೆ, ಅಂದರೆ ಕೆ.ಆರ್.ಎಸ್., ಅದರ ಕಥೆಯನ್ನು ಅವರು ಐದೇ ನಿಮಿಷಕ್ಕೆ ಮುಗಿಸುತ್ತಿದ್ದರು. 1911ರಲ್ಲಿ ಕೆಲಸ ಶುರು. ಮದರಾಸಿನವರು ಮೊದಲು ಒಪ್ಪಿದ್ದು ತಗ್ಗು ಕಟ್ಟೆಗೆ. ಮೈಸೂರಿನವರು ತಳಪಾಯವನ್ನು ಮಾತ್ರ ಪೂರ್ತಿ ಎತ್ತರಕ್ಕೆ ತಕ್ಕ ಅಗಲಕ್ಕೇ ಹಾಕಿಸಿದರು. ತಕರಾರು ಬಗೆಹರಿದದ್ದು 1924ರ ಒಪ್ಪಂದದಲ್ಲಿ. ಈಗಿನ ಗರಿಷ್ಠ ಮಟ್ಟ 124.80 ಅಡಿ. ಗಾರೆ ಸುರ್ಕಿಯದು, ಅಂದರೆ ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ. “ಇನ್ನು ನೀರಿಗಿಳಿಯೋಣ” ಎಂದು ಪುಸ್ತಕ ಮುಚ್ಚುತ್ತಿದ್ದರು.

ಮುಳುಗಡೆ ಊರಿನಿಂದ ಬಾಗಿಲು, ತೊಲೆ, ಹೆಂಚನ್ನು ಜನ ಹೊತ್ತೊಯ್ಯುತ್ತಾರೆ. ಮಣ್ಣಿನ ಗೋಡೆ ನೆನೆದು ಕುಸಿದು ಕೆಸರಾಗುತ್ತದೆ. ಉಳಿಯುವುದು ಕಲ್ಲು. ಆದ್ದರಿಂದಲೇ ನೀರು ತೀರ ಇಳಿದ ವರ್ಷಗಳಲ್ಲಿ ನೋಡಹೋದವರಿಗೆ ವೇಣುಗೋಪಾಲಸ್ವಾಮಿಯ ಗುಡಿ ಕಂಡಿತು, ಊರು ಕಾಣಲಿಲ್ಲ. ಗುಡಿ ನೋಡಿಬಂದು ಊರು ನೋಡಿದೆವು ಅಂದರೆ ಮೇಷ್ಟ್ರಿಗೆ ಸಿಟ್ಟು. ಕೇರಿ ಬೇಕೆಂದರೆ ಒರಳುಕಲ್ಲು, ಬಾವಿಯ ಸುತ್ತುಗಲ್ಲು, ಮಡಕೆ ಚೂರು ಹುಡುಕಬೇಕು. ಕೈಗೆತ್ತಿಕೊಳ್ಳುವ ಮೊದಲು ಬಿದ್ದಿದ್ದ ಜಾಗ ಬರೆದಿಡಬೇಕು. ಜಾಗ ಬಿಟ್ಟ ಚೂರು ವಿಳಾಸ ಹರಿದ ಕಾಗದ. ಇನ್ನೊಂದು ಮಾತು: ಸದಾ ನೀರಲ್ಲಿರುವ ಕಲ್ಲಿಗಿಂತ ವರ್ಷವರ್ಷವೂ ನೆನೆದು ಒಣಗುವ ಕಟ್ಟಡಕ್ಕೇ ಅಪಾಯ ಹೆಚ್ಚು. ಸಂದಿನ ಮಣ್ಣು ತೊಳೆದುಹೋಗಿ ಚಪ್ಪಡಿ ಜಾರುತ್ತದೆ.

ಖೋಡೆ ಪ್ರತಿಷ್ಠಾನದವರು ಆ ಗುಡಿಯನ್ನು ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿಸುತ್ತಿದ್ದ ಕಾಲ ಅದು. ಕಲ್ಲಿಗೊಂದು ಸಂಖ್ಯೆ ಏಕೆ ಎಂದು ತೋರಿಸಲು ಮೇಷ್ಟ್ರು ಶಾಲೆಯ ಹಿತ್ತಲಲ್ಲಿ ಇಟ್ಟಿಗೆ ಗೋಡೆ ಕಟ್ಟಿಸಿದರು. ‘ಪೂ-3-7’ ಅಂದರೆ ಪೂರ್ವದ ಗೋಡೆ, ಮೂರನೇ ವರಸೆ, ಏಳನೇ ಕಲ್ಲು. ಬರೆಯುವುದು ಕಾಣದ ಮೈಯಲ್ಲಿ, ಕೆತ್ತನೆಯ ಮೇಲಲ್ಲ. ಬಿಚ್ಚುವುದು ಮೇಲಿಂದ, ಪ್ರತಿ ವರಸೆಗೂ ನಕ್ಷೆ ಬರೆದುಕೊಂಡು. ಕಟ್ಟುವುದು ಕೆಳಗಿಂದ, ತೂಗುಗುಂಡು ಹಿಡಿದು. ಈಗಿನ ಮಕ್ಕಳು ಪ್ರಾಜೆಕ್ಟಿಗೆ ಚಿತ್ರ ಇಳಿಸಿ ಅಂಟಿಸುತ್ತಾರೆ. ಅಂಕವೇನೋ ನಮಗಿಂತ ಜಾಸ್ತಿ.

ಹಿಂದಿನ ಬೆಂಚಿನವರು ರಾತ್ರೋರಾತ್ರಿ 3ನ್ನು 8 ಮಾಡಿದರು. ಇಟ್ಟಿಗೆಗಳೆಲ್ಲ ಒಂದೇ ಅಳತೆ, ಗೋಡೆ ಸಲೀಸಾಗಿ ಎದ್ದಿತು. ಮೇಷ್ಟ್ರು ಏನೂ ಅನ್ನದೆ ಮರುದಿನ ಒಂದು ಗಾಡಿ ಕಾಡುಗಲ್ಲು ಸುರಿಸಿದರು. ಕಿಡಿಗೇಡಿಗಳು ಮತ್ತೆ ಎರಡು ಸಂಖ್ಯೆ ಅದಲುಬದಲು ಮಾಡಿದರು. ಈ ಸಲ ಮೂರನೇ ವರಸೆಯಲ್ಲಿ ಬೆರಳಷ್ಟು ಸಂದು ಬಿಟ್ಟಿತು, ಐದನೆಯದಕ್ಕೆ ಗೋಡೆ ವಾಲಿತು, ಮೇಲಿನ ಚಪ್ಪಡಿ ಕೂರಲೇ ಇಲ್ಲ. ಗುಡಿಯಲ್ಲಾಗಿದ್ದರೆ ತೊಲೆ ಕಂಬದ ತಲೆಗಲ್ಲಾದ ಬೋದಿಗೆಯ ಮೇಲೆ ಕೂರುತ್ತಿರಲಿಲ್ಲ.

ತಪ್ಪಿದ ಕಲ್ಲುಗಳನ್ನು ಹುಡುಕಲು ಮೂರು ದಿನ ಹಿಡಿಯಿತು. ಸಂಖ್ಯೆ ತಿದ್ದಿದವರೂ ಮುಖ ಗಂಟಿಕ್ಕಿಕೊಂಡು ಹುಡುಕುವವರ ಜೊತೆಗೇ ಇದ್ದರು. ಅವರಲ್ಲಿಬ್ಬರು ಈಗ ಎಂಜಿನಿಯರುಗಳು.