ಕಸಿಯಾದ ಕಿಡ್ನಿ ಮತ್ತು ಹನ್ನೆರಡು ಗಂಟೆಯ ಲೆಕ್ಕ

ಕಿಡ್ನಿ ಕಸಿಯಾದವರನ್ನು ನೋಡಲು ಹೋಗುವಾಗ ಚಕ್ಕೋತ ಹಣ್ಣು ಒಯ್ಯಬೇಡಿ. ದೇವನಹಳ್ಳಿಯ ಚಕ್ಕೋತ ಎಷ್ಟೇ ರುಚಿಯಾಗಿದ್ದರೂ ಅವರ ಪಾಲಿಗೆ ಅದು ಬೇಡದ ಹಣ್ಣು. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲೆಂದು ಅವರು ನುಂಗುವ ಟ್ಯಾಕ್ರೋಲಿಮಸ್ ಮಾತ್ರೆಯನ್ನು ಕರುಳಿನಲ್ಲಿ ಒಡೆಯುವ ಕಿಣ್ವವನ್ನು ಆ ಹಣ್ಣಿನ ಅಂಶಗಳು ಕಟ್ಟಿಹಾಕುತ್ತವೆ. ನುಂಗಿದ ಮಾತ್ರೆ ಅಷ್ಟೇ ಇದ್ದರೂ ರಕ್ತದಲ್ಲಿ ಅದರ ಮಟ್ಟ ಏರಿಬಿಡುತ್ತದೆ. ಕೈ ನಡುಗುತ್ತದೆ, ತಲೆ ನೋಯುತ್ತದೆ, ಕಿಡ್ನಿ ಸೊರಗಿದ್ದನ್ನು ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಮೇಲೇರುತ್ತದೆ. ಕಿಡ್ನಿಯನ್ನು ಕಾಯಬೇಕಾದ ಔಷಧವೇ ಹೆಚ್ಚಾದರೆ ಅದಕ್ಕೆ ವಿಷ.

ಹೆಚ್ಚಿನವರಿಗೆ ಮೂರು ಔಷಧಗಳಿರುತ್ತವೆ: ಟ್ಯಾಕ್ರೋಲಿಮಸ್, ಮೈಕೋಫೆನೊಲೇಟ್, ಪ್ರೆಡ್ನಿಸೊಲೋನ್. ಮೊದಲಿನ ಎರಡು ಸಾಮಾನ್ಯವಾಗಿ ಹನ್ನೆರಡು ಗಂಟೆಗೊಮ್ಮೆ. ಬೆಳಿಗ್ಗೆ 8 ಎಂದರೆ ರಾತ್ರಿಯೂ 8. ಮದುವೆಮನೆಯಲ್ಲಿದ್ದರೂ, ಬಸ್ಸಿನಲ್ಲಿದ್ದರೂ ಅಷ್ಟೇ. ಟ್ಯಾಕ್ರೋಲಿಮಸ್ ಮಟ್ಟವನ್ನು ಮೊದಲ ಕೆಲವು ತಿಂಗಳು ಮಿಲಿಲೀಟರಿಗೆ 8ರಿಂದ 12 ನ್ಯಾನೋಗ್ರಾಂ, ಆಮೇಲೆ 5ರಿಂದ 8ರ ಆಸುಪಾಸಿನಲ್ಲಿ ಇಡುವುದು ರೂಢಿ. ನಿಮ್ಮ ವೈದ್ಯರು ಇಟ್ಟ ಗುರಿ ಸ್ವಲ್ಪ ಬೇರೆಯಿರಬಹುದು.

ಈ ಮಟ್ಟ ನೋಡುವ ರಕ್ತಪರೀಕ್ಷೆಯ ದಿನವೇ ಅತಿ ಹೆಚ್ಚು ಎಡವಟ್ಟಾಗುವುದು. ರಕ್ತ ಕೊಡಬೇಕಾದದ್ದು ಬೆಳಗಿನ ಮಾತ್ರೆಗೆ ಮುಂಚೆ, ಹಿಂದಿನ ರಾತ್ರಿಯ ಮಾತ್ರೆಯಾಗಿ ಹನ್ನೆರಡು ಗಂಟೆ ಕಳೆದ ಮೇಲೆ. ಅಭ್ಯಾಸಬಲದಿಂದ ಮಾತ್ರೆ ನುಂಗಿ ಹೋದರೆ ವರದಿಯಲ್ಲಿ ಮಟ್ಟ ಸುಳ್ಳೇ ಹೆಚ್ಚು ಕಾಣುತ್ತದೆ. ಅದನ್ನು ನಂಬಿ ವೈದ್ಯರು ಪ್ರಮಾಣ ಇಳಿಸುತ್ತಾರೆ, ಎರಡು ವಾರದಲ್ಲಿ ದೇಹ ಕಿಡ್ನಿಯ ಮೇಲೆ ತಿರುಗಿಬೀಳಬಹುದು. ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ರಕ್ತ ಕೊಟ್ಟ ಕೂಡಲೇ ನುಂಗಿ. ಮರೆತು ನುಂಗಿದ್ದರೆ ಹಾಗೆಂದು ಹೇಳಿಬಿಡಿ, ಮುಚ್ಚಿಡಬೇಡಿ.

ಒಂದು ಹೊತ್ತಿನ ಮಾತ್ರೆ ತಪ್ಪಿದ್ದು ಒಂದೆರಡು ಗಂಟೆಯಲ್ಲಿ ನೆನಪಾದರೆ ಆಗಲೇ ತೆಗೆದುಕೊಳ್ಳಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಬಿಟ್ಟುಬಿಡಿ, ಎರಡು ಸೇರಿಸಿ ನುಂಗಬೇಡಿ. ಅಂಗಡಿಯವರು 'ಇದೂ ಅದೇ ಔಷಧ' ಎಂದು ಬೇರೆ ಬ್ರ್ಯಾಂಡ್ ಕೊಟ್ಟರೆ ವೈದ್ಯರನ್ನು ಕೇಳದೆ ಬದಲಿಸಬೇಡಿ. ದಿನಕ್ಕೊಮ್ಮೆ ನುಂಗುವ ನಿಧಾನ ಕರಗುವ ಮಾತ್ರೆಯಂತೂ ಎರಡು ಹೊತ್ತಿನ ಮಾತ್ರೆಗೆ ಬದಲಿಯೇ ಅಲ್ಲ. ಭೇದಿಯಾದಾಗ ಔಷಧ ದೇಹಕ್ಕೆ ಹತ್ತಲಿಲ್ಲ ಎಂದು ಹೆಚ್ಚು ನುಂಗುವವರಿದ್ದಾರೆ. ಆಗುವುದು ಬಹಳ ಸಲ ಉಲ್ಟಾ: ಭೇದಿಯಲ್ಲಿ ಟ್ಯಾಕ್ರೋಲಿಮಸ್ ಮಟ್ಟ ಏರುತ್ತದೆ, ಜೊತೆಗೆ ನೀರು ಕಳೆದುಕೊಂಡ ಕಿಡ್ನಿ ಸೊರಗುತ್ತದೆ. ಅಂಥ ದಿನ ಆಸ್ಪತ್ರೆಗೆ ಫೋನ್ ಮಾಡುವುದೇ ಸರಿ.

ಬೇರೆ ಕಾಯಿಲೆಗೆ ಬೇರೆ ವೈದ್ಯರ ಬಳಿ ಹೋದಾಗ ಮೊದಲ ಮಾತೇ 'ನನಗೆ ಕಿಡ್ನಿ ಕಸಿಯಾಗಿದೆ' ಎಂದಿರಲಿ. ಮಂಡಿನೋವಿಗೆ ಕೊಡುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ. ನೋವು ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಹುಳಕಡ್ಡಿಗೆ ಕೊಡುವ ಫ್ಲುಕೊನಜೋಲ್, ಕೆಮ್ಮಿಗೆ ಕೊಡುವ ಕ್ಲಾರಿಥ್ರೊಮೈಸಿನ್ ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗದ ಫೆನಿಟಾಯಿನ್ ಇಳಿಸುತ್ತವೆ. ಇಂಥ ಔಷಧ ಶುರು ಮಾಡಿದಾಗಷ್ಟೇ ಅಲ್ಲ, ನಿಲ್ಲಿಸಿದಾಗಲೂ ಮಟ್ಟ ನೋಡಬೇಕು. ಎರಡನೆಯದನ್ನು ಬಹಳ ಮಂದಿ ಮರೆಯುತ್ತಾರೆ.

ಅಮೃತಬಳ್ಳಿ ಕಷಾಯದ ಬಗ್ಗೆ ಗಟ್ಟಿಯಾಗಿಯೇ ಹೇಳಬೇಕು. ರೋಗನಿರೋಧಕ ಶಕ್ತಿ ಹೆಚ್ಚಲಿ ಎಂದು ಪ್ರೀತಿಯಿಂದ ಕುದಿಸಿ ಕೊಡುತ್ತಾರೆ. ಆದರೆ ಕಸಿಯಾದವರು ದಿನಕ್ಕೆರಡು ಸಲ ಮಾತ್ರೆ ನುಂಗುವುದೇ ಆ ಶಕ್ತಿಯನ್ನು ತಗ್ಗಿಸಲು, ಇಲ್ಲವಾದರೆ ಅದು ಹೊಸ ಕಿಡ್ನಿಯನ್ನು ಪರಕೀಯ ಎಂದು ಗುರುತಿಸಿ ನಾಶಮಾಡುತ್ತದೆ. ಅಶ್ವಗಂಧವೂ ಬೇಡ. ಭಸ್ಮಗಳಂತೂ ಬೇಡವೇ ಬೇಡ.

ಮನೆಯಲ್ಲಿ ನೀರು ಕುದಿಸಿ ಆರಿಸಿದ್ದಿರಲಿ. ಹೊರಗಿನ ಕೋಸಂಬರಿ, ಹೆಚ್ಚಿಟ್ಟ ಹಣ್ಣು, ಹಸಿ ಹಾಲು ಹಾಕಿದ ಪಂಚಾಮೃತ ಬೇಡ. ತೀರ್ಥವನ್ನು ಕುಡಿಯದೆ ತಲೆಗೆ ಸವರಿಕೊಂಡರೆ ಸಾಕು. ತೋಟದ ಮಣ್ಣು, ಗೊಬ್ಬರ ಮುಟ್ಟುವಾಗ ಕೈಗವಸು, ಮಾಸ್ಕ್ ಬೇಕು. ಬಾಲ್ಕನಿಯಲ್ಲಿ ಪಾರಿವಾಳದ ಹಿಕ್ಕೆ ಬಿದ್ದಿದ್ದರೆ ಬೇರೆಯವರು ತೊಳೆಯಲಿ, ಅದರಲ್ಲಿ ಮಿದುಳುಪೊರೆಗೆ ಸೋಂಕು ತರುವ ಶಿಲೀಂಧ್ರ ಇರಬಹುದು. ಜೀವಂತ ರೋಗಾಣು ಇರುವ ಲಸಿಕೆ ಹಾಕಿಸಿಕೊಳ್ಳುವಂತಿಲ್ಲ. ಮನೆಯ ಕೂಸಿಗೆ ಪೋಲಿಯೋ ಹನಿ ಹಾಕಿಸಿದ್ದರೆ ಕೆಲವು ವಾರ ಅದರ ಮಲ ಬಳಿಯುವ ಕೆಲಸ ಬೇರೆಯವರದ್ದಾಗಲಿ.

ಒಂದು ನೋಟ್‌ಬುಕ್ ಇಡಿ. ದಿನವೂ ಬೆಳಗಿನ ತೂಕ, ಬಿಪಿ, ಜ್ವರ ಬರೆಯಿರಿ. ಒಂದೇ ದಿನದಲ್ಲಿ ತೂಕ 1 ಕಿಲೋ ಏರಿದರೆ, ಜ್ವರ 100 ಡಿಗ್ರಿ ದಾಟಿದರೆ, ಮೂತ್ರ ಕಡಿಮೆಯಾದರೆ, ಹೊಸ ಕಿಡ್ನಿ ಇರುವ ಕೆಳಹೊಟ್ಟೆಯ ಪಕ್ಕ ನೋವಾದರೆ ಮರುದಿನಕ್ಕೆ ಕಾಯಬೇಡಿ. ಎಷ್ಟೋ ಸಲ ತಿರಸ್ಕಾರಕ್ಕೆ ಯಾವ ಲಕ್ಷಣವೂ ಇರುವುದಿಲ್ಲ, ಕ್ರಿಯಾಟಿನಿನ್ ಮಾತ್ರ ಮೆಲ್ಲಗೆ ಏರುತ್ತದೆ. ಆದ್ದರಿಂದಲೇ ಆರಾಮಾಗಿದ್ದಾಗಲೂ ರಕ್ತಪರೀಕ್ಷೆ ಬಿಡಬಾರದು. ಕೆಲವು ವರ್ಷ ಕಳೆದು, ಕೆಲಸಕ್ಕೆ ಹೋಗುತ್ತಾ, ರೋಗವೇ ಮರೆತುಹೋದ ಹೊತ್ತಿನಲ್ಲಿ ಮಾತ್ರೆ ತಪ್ಪಿಸಿ ಕಿಡ್ನಿ ಕಳೆದುಕೊಳ್ಳುವವರಿದ್ದಾರೆ. ದುಡ್ಡಿಲ್ಲವೆಂದು ಮಾತ್ರೆ ಅರ್ಧ ಮಾಡುವವರೂ ಇದ್ದಾರೆ. ಹಾಗೆ ಮಾಡುವ ಮೊದಲು ಆಸ್ಪತ್ರೆಯ ಕಸಿ ಸಂಯೋಜಕರಿಗೆ ಹೇಳಿ, ಬಡ ಕುಟುಂಬಗಳಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಸಿಗುವ ನೆರವಿನ ಬಗ್ಗೆ ಕೇಳಿ.

ನಮ್ಮ ದೇಶದಲ್ಲಿ ಹೆಚ್ಚಿನ ಕಿಡ್ನಿಗಳು ಬರುವುದು ಬದುಕಿರುವವರಿಂದ, ಅದರಲ್ಲೂ ತಾಯಿ, ಹೆಂಡತಿಯರಿಂದ. ಕೊಟ್ಟವರನ್ನು ಡಿಸ್ಚಾರ್ಜ್ ಆದಮೇಲೆ ಯಾರೂ ವಿಚಾರಿಸುವುದಿಲ್ಲ, ಇದು ಅನ್ಯಾಯ. ವರ್ಷಕ್ಕೊಮ್ಮೆ ಅವರ ಬಿಪಿ, ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್ ನೋಡಲೇಬೇಕು. ಮನೆಯಲ್ಲಿ ಹೊಂದುವ ದಾನಿ ಇಲ್ಲದವರಿಗೆ ಉಳಿಯುವ ದೊಡ್ಡ ಆಸರೆ ಮಿದುಳು ಸತ್ತವರ ಕುಟುಂಬ. 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ನಟ ಸಂಚಾರಿ ವಿಜಯ್ ಅವರ ಮಿದುಳು ನಿಷ್ಕ್ರಿಯವಾದಾಗ ಅವರ ಮನೆಯವರು ಅಂಗಾಂಗ ದಾನಕ್ಕೆ ಒಪ್ಪಿದರು. ಆ ಒಪ್ಪಿಗೆ ಎಷ್ಟು ಕಷ್ಟದ್ದು! ವೆಂಟಿಲೇಟರಿನಲ್ಲಿ ಎದೆ ಏರಿಳಿಯುತ್ತಿರುತ್ತದೆ, ಮೈ ಬೆಚ್ಚಗಿರುತ್ತದೆ. ಆದರೆ ಇದು ಕೋಮಾ ಅಲ್ಲ, ಮರಳುವ ದಾರಿಯಿಲ್ಲ. ಕಾನೂನಿನಂತೆ ನಾಲ್ವರು ವೈದ್ಯರು ಕನಿಷ್ಠ 6 ಗಂಟೆಯ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಸಹಿ ಹಾಕಬೇಕು. ಒಪ್ಪಿಗೆಯ ನಂತರ ಅಂಗಗಳನ್ನು ಕಾಪಾಡುವ, ತೆಗೆಯುವ ಖರ್ಚು ಕುಟುಂಬದ್ದಲ್ಲ. ದೇಹವನ್ನು ಹೊಲಿದು ಗೌರವದಿಂದ ಒಪ್ಪಿಸುತ್ತಾರೆ, ಸಂಸ್ಕಾರಕ್ಕೆ ಅಡ್ಡಿಯಿಲ್ಲ. ಯಾವ ಅಂಗ ಯಾರಿಗೆ ಎಂಬುದನ್ನು ಕರ್ನಾಟಕದಲ್ಲಿ 'ಜೀವಸಾರ್ಥಕತೆ' ಸಂಸ್ಥೆ ಕಾಯುವವರ ಪಟ್ಟಿಯಂತೆ ನಿರ್ಧರಿಸುತ್ತದೆ. ಹೊರತೆಗೆದ ಹೃದಯಕ್ಕೆ ಇರುವುದು ನಾಲ್ಕರಿಂದ ಆರು ಗಂಟೆ, ಕಿಡ್ನಿ ಒಂದು ದಿನದ ತನಕ ತಾಳುತ್ತದೆ.

ಮನೆಯಲ್ಲಿ ಸಹಜವಾಗಿ ತೀರಿಕೊಂಡವರ ಕಿಡ್ನಿ ಬಳಸಲಾಗುವುದಿಲ್ಲ, ಕಣ್ಣು ಕೊಡಬಹುದು. 6 ಗಂಟೆಯೊಳಗೆ ನೇತ್ರ ಬ್ಯಾಂಕಿಗೆ ಫೋನ್ ಮಾಡಿ. ಅವರು ಬರುವವರೆಗೆ ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ, ತಲೆಯಡಿ ದಿಂಬು ಕೊಡಿ, ಫ್ಯಾನ್ ಆರಿಸಿ.

ಅಂಗದಾನದ ಪ್ರತಿಜ್ಞೆಯನ್ನು ಆಧಾರ್ ಬಳಸಿ ರಾಷ್ಟ್ರೀಯ ಅಂಗ ಕಸಿ ಸಂಸ್ಥೆಯಾದ ನೋಟೋದ ಜಾಲತಾಣದಲ್ಲಿ ಕೆಲವೇ ನಿಮಿಷದಲ್ಲಿ ಮಾಡಬಹುದು. ಆದರೆ ಐಸಿಯು ಬಾಗಿಲಲ್ಲಿ ಕೇಳುವುದು ನಿಮ್ಮ ಹೆಂಡತಿಯನ್ನೋ ಗಂಡನನ್ನೋ ಮಕ್ಕಳನ್ನೋ, ಅವರು ಬೇಡವೆಂದರೆ ಪ್ರತಿಜ್ಞೆಯ ಕಾರ್ಡು ಕೆಲಸಕ್ಕೆ ಬರುವುದಿಲ್ಲ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಅವರಿಗೆ ಹೇಳಿ, ಕಾರ್ಡಿನ ಫೋಟೋವನ್ನು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿ.