ಪೋವಿಸ್ ಕೋಟೆಗೆ ಒಂದಿಡೀ ದಿನ

14 ಜೂನ್ 2025, ಶನಿವಾರ
ರೆಡಿಂಗ್, ರಾತ್ರಿ 11 ಗಂಟೆ

ಮಕ್ಕಳು ಮಲಗಿದ್ದಾರೆ. ಊಟದ ಮೇಜಿನ ಮೇಲೆ ಮ್ಯಾಪು ಇನ್ನೂ ಹರಡಿಕೊಂಡೇ ಇದೆ. ಜುಲೈ 26ಕ್ಕೆ ಹೊರಟು ಆಗಸ್ಟ್ 2ಕ್ಕೆ ವಾಪಸ್. ಕಾರಿನಲ್ಲೇ ವೇಲ್ಸ್ ಸುತ್ತಿ, ಇಂಗ್ಲೆಂಡಿನ ಶ್ರಾಪ್‌ಶೈರ್ ಮೇಲೆ ಮನೆಗೆ. ಇಷ್ಟು ಮಾತ್ರ ಮೊದಲೇ ಗಟ್ಟಿಯಾಗಿತ್ತು. ಇವತ್ತು ಸಂಜೆ ಉಳಿದದ್ದೂ ಒಂದು ದಾರಿಗೆ ಬಂತು.

ಇವರು ಮೊದಲು ಬರೆದಿದ್ದ ಪಟ್ಟಿಯಲ್ಲಿ ಎಂಟು ದಿನಕ್ಕೆ ಹನ್ನೊಂದು ಊರು. ಹೋದ ವರ್ಷ ಲೇಕ್ ಡಿಸ್ಟ್ರಿಕ್ಟ್‌ಗೆ ಹೋದಾಗಲೂ ಹೀಗೇ ಓಡಿದ್ದೆವು. ತಿರುವು ರಸ್ತೆಯಲ್ಲಿ ಪುಟ್ಟನಿಗೆ ಎರಡು ಸಲ ವಾಂತಿ. ಮೂರನೇ ದಿನ ಬೆಳಿಗ್ಗೆ ಚಿನ್ನಿ, "ಅಮ್ಮಾ, ಇವತ್ತೊಂದು ದಿನ ಕಾರು ಹತ್ತೋದು ಬೇಡ" ಅಂದಳು. ಅವಳು ಹಟ ಮಾಡುವ ಹುಡುಗಿ ಅಲ್ಲ. ಆ ಮಾತು ನನ್ನ ಮನಸ್ಸಿನಲ್ಲಿ ಹಾಗೇ ಉಳಿದಿದೆ. ಅದಕ್ಕೇ ಈ ಸಲ ದಿನಕ್ಕೆ ಎರಡೂವರೆ ಗಂಟೆಗಿಂತ ಜಾಸ್ತಿ ಗಾಡಿ ಓಡಿಸೋದು ಬೇಡ ಅಂತ ಪಟ್ಟು ಹಿಡಿದೆ. ಮನೆಗೆ ಬರುವ ದಿನ ಮಾತ್ರ ಬೇರೆ.

ವೇಲ್ಸ್‌ನಲ್ಲಿ ಮೈಲಿ ಲೆಕ್ಕ ನಂಬಿ ಕೂರುವ ಹಾಗಿಲ್ಲ. 2023ರ ಸೆಪ್ಟೆಂಬರಿನಿಂದ ಅಲ್ಲಿ ಊರೊಳಗಿನ ರಸ್ತೆಗಳಲ್ಲಿ ಸಾಮಾನ್ಯವಾಗಿ ಗಂಟೆಗೆ 20 ಮೈಲಿ ಮಿತಿ. ನನಗೆ ಅದು ಒಳ್ಳೆಯದೇ ಅನಿಸುತ್ತದೆ, ಮಕ್ಕಳು ಓಡಾಡುವ ಬೀದಿಗಳು. ಊರು ದಾಟಿದರೆ ಬೆಟ್ಟದ ತಿರುವು, ಮುಂದೊಂದು ಟ್ರ್ಯಾಕ್ಟರು, ಅಡ್ಡ ಬರುವ ಕುರಿಗಳು.

ಹನ್ನೊಂದು ಊರು ಈಗ ನಾಲ್ಕು ತಂಗುದಾಣವಾಗಿದೆ. ಮೊದಲ ದಿನ ಎಂ4 ಹೆದ್ದಾರಿ ಹಿಡಿದು ಪ್ರಿನ್ಸ್ ಆಫ್ ವೇಲ್ಸ್ ಸೇತುವೆ ದಾಟಿ ಬ್ಲೈನಾವನ್‌ನ ಬಿಗ್ ಪಿಟ್ ಕಲ್ಲಿದ್ದಲು ಗಣಿ. 1980ರಲ್ಲಿ ಮುಚ್ಚಿದ ಗಣಿ, ಈಗ ಮ್ಯೂಸಿಯಂ. ಗಣಿಯಲ್ಲಿ ದುಡಿದವರೇ ತಲೆಗೆ ದೀಪದ ಹೆಲ್ಮೆಟ್ ಹಾಕಿಸಿ 90 ಮೀಟರ್ ಕೆಳಗೆ ಕರೆದುಕೊಂಡು ಹೋಗುತ್ತಾರೆ. ಬ್ಯಾಟರಿ ಇರುವ ವಾಚು, ಫೋನು ಎಲ್ಲ ಮೇಲೇ ಬಿಡಬೇಕು, ಗಣಿಯ ಅನಿಲಕ್ಕೆ ಒಂದು ಕಿಡಿ ಸಾಕು. ಕೆಳಗಿಳಿಯಲು ಮಕ್ಕಳು ಒಂದು ಮೀಟರ್ ಎತ್ತರ ಇರಬೇಕು. ಪುಟ್ಟ ತಾನೇ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತ. ಹಿಮ್ಮಡಿ ಎತ್ತಬೇಡ ಅಂದೆ. 114 ಸೆಂಟಿಮೀಟರ್. ಪೆನ್ಸಿಲ್ ಗೆರೆಯ ಪಕ್ಕ 'ಗಣಿ' ಅಂತ ಬರೆಸಿಕೊಂಡ.

ಆ ರಾತ್ರಿ ಬ್ರೆಕನ್. ಆಮೇಲೆ ಎರಡು ರಾತ್ರಿ ಅಬೆರಿಸ್ಟ್‌ವಿತ್, ಅಲ್ಲಿ ಸಮುದ್ರ ಬಿಟ್ಟರೆ ಏನೂ ಬೇಡ. ಇನ್ನೆರಡು ರಾತ್ರಿ ಲಾನ್‌ಬೆರಿಸ್. ಅಲ್ಲಿಂದ ಸ್ನೋಡನ್ ಬೆಟ್ಟಕ್ಕೆ 1896ರಿಂದ ರೈಲು ಹತ್ತುತ್ತಿದೆ. ಎತ್ತರ 1,085 ಮೀಟರ್, ನಮ್ಮ ನಂದಿ ಬೆಟ್ಟಕ್ಕಿಂತ ಕಡಿಮೆ. ಆದರೆ ಇಲ್ಲಿ ಹತ್ತೋದು ಹೆಚ್ಚುಕಡಿಮೆ ಸಮುದ್ರದ ಮಟ್ಟದಿಂದ.

ಇನ್ನು ಪೋವಿಸ್. ಇವತ್ತಿನ ಮಾತೆಲ್ಲ ಅದರ ಸುತ್ತಲೇ.

ಹಳೆಯ ಪಟ್ಟಿಯಲ್ಲಿ ಅದಕ್ಕೆ ಸಿಕ್ಕಿದ್ದು ಕೊನೇ ದಿನದ ಎರಡು ಗಂಟೆ. ವೆಲ್ಷ್‌ಪೂಲ್ ಪಕ್ಕದ ಕೆಂಪು ಕಲ್ಲಿನ ಕೋಟೆ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟ. ಆದರೆ ನಾನು ಹುಟ್ಟಿದ್ದು ಶ್ರೀರಂಗಪಟ್ಟಣದಲ್ಲಿ. ನನಗೆ ಅದು ಸುಮ್ನೆ ಇನ್ನೊಂದು ಕೋಟೆ ಅಲ್ಲ. 1799ರ ಮೇ 4ರಂದು ನಮ್ಮೂರ ಕೋಟೆ ಬಿತ್ತು, ಟಿಪ್ಪು ಸತ್ತ. ಆಗ ಮದ್ರಾಸಿನ ಗವರ್ನರ್ ಆಗಿದ್ದವನು ಎಡ್ವರ್ಡ್ ಕ್ಲೈವ್, ಅವನ ಹೆಂಡತಿ ಹೆನ್ರಿಯೆಟಾಳ ತವರು ಪೋವಿಸ್. ಟಿಪ್ಪುವಿನ ಡೇರೆ, ಅವನ ಸಿಂಹಾಸನದಿಂದ ಕಿತ್ತ ಒಂದು ಚಿನ್ನದ ಹುಲಿತಲೆ ಅಲ್ಲಿವೆ. ಡೇರೆಯ ಫೋಟೋ ನೋಡಿದೆ. ಬಿಳಿ ಹತ್ತಿಬಟ್ಟೆ, ಅದರ ತುಂಬಾ ಹೂದಾನಿಯಿಂದ ಎದ್ದ ಹೂಬಳ್ಳಿಗಳು. ಯುದ್ಧಕ್ಕೆ ಹೋಗುವವನ ಡೇರೆಯ ಒಳಗೆ ಅಷ್ಟು ಹೂವು.

"ಅದು ನಮ್ಮೂರಿಂದಲ್ವಾ? ಇವರ ಹತ್ರ ಯಾಕಿದೆ?" ಚಿನ್ನಿ ಕೇಳಿದಳು. ಯುದ್ಧ ಗೆದ್ದವರು ಲೂಟಿ ಮಾಡಿದರು, ಹಂಚಿಕೊಂಡರು ಅಂತ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಗಾಜಿನ ಪೆಟ್ಟಿಗೆ ಮುಂದೆ ನಿಂತು ಅವಸರದಲ್ಲಿ ಹೇಳುವುದಕ್ಕಿಂತ ಮನೆಯಲ್ಲೇ ಕೂತು ಹೇಳುವುದು ಮೇಲು.

ಹುಡುಕುತ್ತಾ ಹೋದಾಗ ಸಿಕ್ಕ ಇನ್ನೊಂದು ವಿಷಯ ನನ್ನನ್ನು ಬಿಡುತ್ತಿಲ್ಲ. ಕೋಟೆ ಬಿದ್ದ ಮರುವರ್ಷ, 1800ರಲ್ಲಿ, ಹೆನ್ರಿಯೆಟಾ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮದ್ರಾಸಿನಿಂದ ಹೊರಟಳು. ಬೆಂಗಳೂರು, ಶ್ರೀರಂಗಪಟ್ಟಣ, ಆಮೇಲೆ ತಮಿಳು ಸೀಮೆ. ಏಳು ತಿಂಗಳು, ಸಾವಿರ ಮೈಲಿಗೂ ಮೇಲೆ. ಚಿಕ್ಕವಳು ಶಾರ್ಲೆಟ್‌ಗೆ ಆಗ ಹನ್ನೆರಡು ವರ್ಷ, ದಾರಿಯುದ್ದಕ್ಕೂ ದಿನಚರಿ ಬರೆದಳು. ನಮ್ಮ ಚಿನ್ನಿಗೆ ಬರುವ ತಿಂಗಳು ಹನ್ನೆರಡು ತುಂಬುತ್ತದೆ. ಪೋವಿಸ್‌ನ ತಾಯಿ ಮಕ್ಕಳನ್ನು ಕರೆದುಕೊಂಡು ನಮ್ಮೂರು ನೋಡಿದಳು. ಗೆದ್ದವರ ಮನೆಯವಳಾಗಿ ಬಂದಳು, ನಿಜ. ಆದರೂ ದಣಿದ ಮಕ್ಕಳನ್ನು ಸಂಜೆ ಮಲಗಿಸಿದ ತಾಯಿಯೂ ಹೌದಲ್ವಾ.

ಬೆಳಿಗ್ಗೆ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಪ್ಪ ಈಗಲೂ ದಿನಾ ಗಂಜಾಮ್ ಕಡೆ, ದರಿಯಾ ದೌಲತ್ ಮುಂದೆ ವಾಕಿಂಗ್ ಹೋಗುತ್ತಾರೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನೋಡ್ಕಂಡು ಬಾ ಕಣವ್ವ. ಫೋಟೋ ಬ್ಯಾಡ. ಹೆಂಗದೆ ಅಂತ ಮಕ್ಕಳ ಬಾಯಲ್ಲಿ ಹೇಳ್ಸು" ಅಂದರು.

ಅದಾದ ಮೇಲೆ ಎರಡು ಗಂಟೆಯ ಮಾತೇ ಇಲ್ಲ. ಶುಕ್ರವಾರ, ಆಗಸ್ಟ್ 1, ಪೂರ್ತಿ ಪೋವಿಸ್‌ಗೆ. ಅದಕ್ಕಾಗಿ ಕಾನ್ವಿ ಕೋಟೆ ಬಿಡಬೇಕಾಯ್ತು. ಇವರಿಗೆ ಅದರ ಆಸೆ ತುಂಬಾ ಇತ್ತು, ಆದರೂ "ಅದು ಇನ್ನೊಂದು ಸಲ ಆಗುತ್ತೆ ಬಿಡೇ" ಅಂತ ತಾವೇ ಹೊಡೆದುಹಾಕಿದರು. ಮರುದಿನ ಬರುವಾಗ ದಾರಿಯಲ್ಲಿ 1779ರ ಕಬ್ಬಿಣದ ಸೇತುವೆ, ಐರನ್‌ಬ್ರಿಜ್. ಅಲ್ಲೇ ಬುತ್ತಿ ಬಿಚ್ಚೋದು.

ಚಿನ್ನಿ ಒಂದು ಹೊಸ ನೋಟ್‌ಬುಕ್ ತೆಗೆದಿಟ್ಟಿದ್ದಾಳೆ. ಪುಟ್ಟ ಸಂಜೆಯಿಂದ ಒಂದೇ ವೆಲ್ಷ್ ಪದ ಹಿಡಿದಿದ್ದಾನೆ: 'ಅರವ್', ಅಂದರೆ ನಿಧಾನ. ಅಲ್ಲಿ ರಸ್ತೆ ಮೇಲೇ ದೊಡ್ಡದಾಗಿ ಬರೆದಿರುತ್ತಾರೆ. 2021ರ ಜನಗಣತಿಯಲ್ಲಿ ವೇಲ್ಸ್‌ನಲ್ಲಿ ವೆಲ್ಷ್ ಬರುತ್ತೆ ಅಂದವರು 17.8 ಶೇಕಡಾ. ಆದರೂ ಫಲಕಗಳಲ್ಲಿ, ಶಾಲೆಗಳಲ್ಲಿ ಅದನ್ನು ಬಿಟ್ಟುಕೊಟ್ಟಿಲ್ಲ. ಭಾನುವಾರ ಬಂದರೆ ಮಕ್ಕಳನ್ನು ಕನ್ನಡ ಕಲಿಯಲು ಕೂರಿಸುವ ನನಗೆ ಆ ಫಲಕಗಳನ್ನು ಕಣ್ಣಾರೆ ನೋಡಬೇಕು.

ವೆಲ್ಷ್‌ಪೂಲ್‌ನ ಮನೆ ಎರಡು ರಾತ್ರಿಗೆ ಬುಕ್ ಆಯ್ತು, ಅಡುಗೆಮನೆ ಇದೆ. ಚಿಕ್ಕ ಕುಕ್ಕರ್, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಒಂದು ಡಬ್ಬಕ್ಕೆ. ವಾಂತಿಗೆ ಕವರು, ಒಣಶುಂಠಿ ಕೈಗೆ ಸಿಗುವ ಹಾಗೆ ಮುಂದಿನ ಸೀಟಿನ ಹತ್ತಿರ. ನಾಳೆ ಸ್ನೋಡನ್ ರೈಲಿಗೆ ಟಿಕೆಟ್ ತೆಗೆಯಬೇಕು, ಬೆಳಗಿನದೇ ಸಿಕ್ಕರೆ ಒಳ್ಳೆಯದು.